ಹಳೆಯ ಬೇಸ್‌ಬಾಲ್ ಫೋಟೋ ಕೊಳ್ಳುವ ಮುನ್ನ ಅದರ ಹಿಂಬದಿಯನ್ನು ಓದಿ

ಪ್ರಶ್ನೆ: ಮಾನ್ಯರೇ, ನಾವು ನ್ಯೂಜೆರ್ಸಿಯ ಜೆರ್ಸಿ ಸಿಟಿಯಲ್ಲಿ ನೆಲೆಸಿದ್ದೇವೆ. ಮಗ ಬೇಸ್‌ಬಾಲ್ ಆಡುವುದರಿಂದ ಆ ಆಟದ ಇತಿಹಾಸವನ್ನು ಓದುವ ಹವ್ಯಾಸ ನನಗೂ ಅಂಟಿಕೊಂಡಿದೆ. ಇತ್ತೀಚೆಗೆ ನಮ್ಮ ಬೀದಿಯ ಮನೆಯೊಂದರಲ್ಲಿ ಹಳೆಯ ಸಾಮಾನು ಮಾರುತ್ತಿದ್ದಾಗ ಪ್ರಸಿದ್ಧ ಕಪ್ಪು ಆಟಗಾರ ಜಾಕಿ ರಾಬಿನ್‌ಸನ್ ಅವರ ಕಪ್ಪು-ಬಿಳುಪು ಫೋಟೋ ಒಂದನ್ನು ಕೊಂಡೆ. ಮಾಂಟ್ರಿಯಲ್ ತಂಡದ ಉಡುಪಿನಲ್ಲಿ ಅವರು ಬ್ಯಾಟರ್ ನಿಲ್ಲುವ ಜಾಗವಾದ ಹೋಮ್ ಪ್ಲೇಟಿನತ್ತ ಓಡಿಬರುತ್ತಿದ್ದಾರೆ. ಹಿಂಬದಿಯಲ್ಲಿ ‘ಆಕ್ಮೆ’ ಎಂಬ ಹೆಸರಿನ ಮೊಹರು, ‘ಜೆರ್ಸಿ ಸಿಟಿ’ ಎಂದು ಆರಂಭವಾಗುವ ಅರ್ಧ ಹರಿದ ಟೈಪು ಮಾಡಿದ ಚೀಟಿ, ಜೊತೆಗೆ 1972ರ ಅಕ್ಟೋಬರ್ 25 ಎಂಬ ದಿನಾಂಕದ ಮೊಹರು ಇವೆ. ಇದು 1972ರಲ್ಲಿ ತೆಗೆದ ನಕಲು ಎಂದು ಮಾರಿದವರೇ ಹೇಳಿದರು. ನಿಜವೇ? ಇಂಥ ಐತಿಹಾಸಿಕ ಫೋಟೋಗಳನ್ನು ಸಂಗ್ರಹಿಸಲು ಹೊರಟವರು ಏನನ್ನು ನೋಡಿ ಕೊಳ್ಳಬೇಕು? ಮುಂದೆ ಮಂಗಳೂರಿಗೆ ಮರಳುವ ಯೋಚನೆಯಿದೆ. ಅಲ್ಲಿನ ಮಳೆಗಾಲದಲ್ಲಿ ಇವು ಉಳಿದಾವೆಯೇ?

ಉತ್ತರ: ನೀವು ಬರೆದಿರುವ ಮೂರು ಗುರುತುಗಳು ಒಂದಕ್ಕೊಂದು ಹೊಂದುವುದಿಲ್ಲ ಎಂದು ಮಾರಿದವರಿಗೆ ಅನ್ನಿಸಿರಬಹುದು. ಆದರೆ ಸರಿಯಾದ ಕ್ರಮದಲ್ಲಿ ಓದಿದರೆ ಅವು ಮೂರೂ ಒಂದೇ ಕಾಗದದ ಬಾಳಿನ ಬೇರೆ ಬೇರೆ ಘಟ್ಟಗಳನ್ನು ಹೇಳುತ್ತವೆ. ಆಕ್ಮೆ ನ್ಯೂಸ್‌ಪಿಕ್ಚರ್ಸ್ ಎಂಬುದು ಪತ್ರಿಕೆಗಳಿಗೆ ಫೋಟೋ ಒದಗಿಸುತ್ತಿದ್ದ ಅಮೆರಿಕದ ಸಂಸ್ಥೆ. 1952ರಲ್ಲಿ ಅದು ಯುನೈಟೆಡ್ ಪ್ರೆಸ್ ಎಂಬ ಸುದ್ದಿ ಸಂಸ್ಥೆಯಲ್ಲಿ ಸೇರಿಹೋಗಿ, ಆ ಹೆಸರು ಬಳಕೆಯಿಂದ ಮರೆಯಾಯಿತು. ಇಲ್ಲದ ಸಂಸ್ಥೆಯ ಮೊಹರನ್ನು 1972ರಲ್ಲಿ ಒತ್ತುವ ಕಾರಣ ಯಾರಿಗೂ ಇರಲಿಲ್ಲ. ಇನ್ನು ಆ ಅಕ್ಟೋಬರ್ 25ರ ದಿನಾಂಕ: ಜಾಕಿ ರಾಬಿನ್‌ಸನ್ ತೀರಿಕೊಂಡದ್ದು 1972ರ ಅಕ್ಟೋಬರ್ 24ರಂದು. ಮರುದಿನದ ಪತ್ರಿಕೆಯಲ್ಲಿ ನಿಧನವಾರ್ತೆಯೊಂದಿಗೆ ಹಾಕಲು ಯಾವುದೋ ಪತ್ರಿಕಾಲಯದ ಗ್ರಂಥಪಾಲಕರು ತಮ್ಮ ಕಡತದಲ್ಲಿದ್ದ ಹಳೆಯ ಪ್ರತಿಯನ್ನು ಹೊರತೆಗೆದು, ಬಳಸಿದ ದಿನಾಂಕವನ್ನು ಒತ್ತಿ, ಮತ್ತೆ ಕಡತಕ್ಕೆ ಸೇರಿಸಿದ್ದಾರೆ ಎಂದೇ ಇದನ್ನು ಓದಬೇಕು. ದಿನಾಂಕದ ಮೊಹರು ಫೋಟೋ ಬಳಕೆಯಾದ ದಿನವನ್ನು ಹೇಳುತ್ತದೆ. ಅದು ತಯಾರಾದ ದಿನವನ್ನು ಸಂಸ್ಥೆಯ ಮೊಹರು, ಚೀಟಿ ಮತ್ತು ಕಾಗದ ಹೇಳಬೇಕು. ನಿಮ್ಮ ಪ್ರತಿ 1952ಕ್ಕಿಂತ ಹಿಂದಿನದು, ಹೆಚ್ಚು ಸಂಭವನೀಯವಾಗಿ 1946ರ ಏಪ್ರಿಲ್ ತಿಂಗಳಿನದೇ ಎಂದು ನನ್ನ ಅಭಿಪ್ರಾಯ. ಅದನ್ನು ಖಚಿತಪಡಿಸಿಕೊಳ್ಳುವ ಪರೀಕ್ಷೆಗಳನ್ನು ಮುಂದೆ ಹೇಳುತ್ತೇನೆ.

ಅದಕ್ಕೂ ಮೊದಲು ಆ ಚಿತ್ರದಲ್ಲಿರುವ ದಿನ ಯಾವುದು ಎಂಬುದನ್ನು ಹೇಳಲೇಬೇಕು, ಏಕೆಂದರೆ ಅದು ನೀವು ಈಗ ವಾಸವಿರುವ ಊರಿನಲ್ಲೇ ನಡೆದದ್ದು. 1884ರಲ್ಲಿ ಟೊಲಿಡೊ ತಂಡಕ್ಕಾಗಿ ಮೋಸೆಸ್ ಫ್ಲೀಟ್‌ವುಡ್ ವಾಕರ್ ಆಡಿದ ಕೆಲವೇ ವರ್ಷಗಳಲ್ಲಿ ಅಮೆರಿಕದ ಪ್ರಮುಖ ಬೇಸ್‌ಬಾಲ್ ಲೀಗುಗಳು ಕಪ್ಪು ಆಟಗಾರರಿಗೆ ಬಾಗಿಲು ಮುಚ್ಚಿದವು. ಯಾವ ನಿಯಮಪುಸ್ತಕದಲ್ಲೂ ಬರೆಯದ ಆ ಕಟ್ಟಳೆ ಸುಮಾರು ಆರು ದಶಕ ನಡೆಯಿತು. 1945ರ ಅಕ್ಟೋಬರ್‌ನಲ್ಲಿ ಬ್ರೂಕ್ಲಿನ್ ಡಾಜರ್ಸ್ ತಂಡದ ಆಡಳಿತ ನೋಡುತ್ತಿದ್ದ ಬ್ರಾಂಚ್ ರಿಕಿ, ರಾಬಿನ್‌ಸನ್ ಅವರನ್ನು ತಮ್ಮ ಕಿರಿಯ ತಂಡವಾದ ಮಾಂಟ್ರಿಯಲ್ ರಾಯಲ್ಸ್‌ಗೆ ಸೇರಿಸಿಕೊಂಡರು. ಆ ತಂಡದ ಪರವಾಗಿ ರಾಬಿನ್‌ಸನ್ ಆಡಿದ ಮೊದಲ ಲೀಗ್ ಪಂದ್ಯ 1946ರ ಏಪ್ರಿಲ್ 18ರಂದು ಜೆರ್ಸಿ ಸಿಟಿಯ ರೂಸ್‌ವೆಲ್ಟ್ ಕ್ರೀಡಾಂಗಣದಲ್ಲಿ ನಡೆಯಿತು. ಐದು ಬಾರಿ ಬ್ಯಾಟ್ ಹಿಡಿದು ನಾಲ್ಕು ಹಿಟ್ ಗಳಿಸಿದ ಅವರು, ಮೂರನೆಯ ಇನ್ನಿಂಗ್ಸ್‌ನಲ್ಲಿ ಮೂರು ರನ್ ತಂದುಕೊಟ್ಟ ಹೋಮ್ ರನ್ ಹೊಡೆದು ಪ್ಲೇಟಿಗೆ ಮರಳಿದಾಗ, ಮುಂದಿನ ಬ್ಯಾಟರ್ ಆಗಿದ್ದ ಜಾರ್ಜ್ ಶೂಬಾ ಎಂಬ ಬಿಳಿಯ ಆಟಗಾರ ಕೈಚಾಚಿ ಅಭಿನಂದಿಸಿದರು. ಆ ಹಸ್ತಲಾಘವದ ಚಿತ್ರ ಬೇಸ್‌ಬಾಲ್ ಇತಿಹಾಸದಲ್ಲೇ ಹೆಚ್ಚು ಅರ್ಥವುಳ್ಳ ಚಿತ್ರಗಳಲ್ಲಿ ಒಂದು. ಡಾಜರ್ಸ್ ಪರವಾಗಿ 1947ರ ಏಪ್ರಿಲ್ 15ರಂದು ಅವರು ಆಡಿದ ಮೊದಲ ಪಂದ್ಯವನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಬಾಗಿಲು ಮೊದಲು ತೆರೆದದ್ದು ಅದಕ್ಕೂ ಒಂದು ವರ್ಷ ಮೊದಲು, ಜೆರ್ಸಿ ಸಿಟಿಯಲ್ಲಿ. ಆ ಕ್ರೀಡಾಂಗಣವನ್ನು 1985ರಲ್ಲಿ ಕೆಡವಿದರು. ಹಾಗಾಗಿ ಆ ದಿನದ ಫೋಟೋಗಳಿಗೆ ಇನ್ನೂ ಹೆಚ್ಚಿನ ಬೆಲೆಯಿದೆ. ಅಲ್ಲಿ ಅಂದು ಹಲವು ಸಂಸ್ಥೆಗಳ ಛಾಯಾಗ್ರಾಹಕರು ಇದ್ದರು. ಪುಸ್ತಕಗಳಲ್ಲಿ ಅಚ್ಚಾಗುವ ಪ್ರಸಿದ್ಧ ಚಿತ್ರದೊಂದಿಗೆ ನಿಮ್ಮದನ್ನು ಹೋಲಿಸಿ ನೋಡಿ. ಕೋನ ಬೇರೆಯಾಗಿದ್ದರೆ ಅದು ಬೇರೊಂದು ಕ್ಯಾಮೆರಾದ ಸಾಕ್ಷ್ಯ, ಮತ್ತು ಇತಿಹಾಸದ ದೃಷ್ಟಿಯಿಂದ ಅದು ಕಡಿಮೆಯದೇನಲ್ಲ.

ಈಗ ಸಂಗ್ರಾಹಕರು ಬಳಸುವ ವರ್ಗೀಕರಣಕ್ಕೆ ಬರೋಣ. ಫೋಟೋ ಎಂಬುದು ಆಟಗಾರರ ಚಿತ್ರವಿರುವ ಬೇಸ್‌ಬಾಲ್ ಕಾರ್ಡಿನಂತೆ ಒಂದೇ ಸಲ ಅಚ್ಚಾಗಿ ಮುಗಿಯುವುದಿಲ್ಲ. ಒಂದೇ ನೆಗೆಟಿವ್‌ನಿಂದ ಇಂದು, ಹತ್ತು ವರ್ಷದ ಮೇಲೆ, ಐವತ್ತು ವರ್ಷದ ಮೇಲೆ ಪ್ರತಿ ತೆಗೆಯಬಹುದು. ಅದಕ್ಕಾಗಿ ಅಮೆರಿಕದ ಮಾರುಕಟ್ಟೆ ನಾಲ್ಕು ವರ್ಗಗಳನ್ನು ಒಪ್ಪಿಕೊಂಡಿದೆ, ಪಿಎಸ್‌ಎ ಎಂಬ ದೃಢೀಕರಣ ಸಂಸ್ಥೆಯೂ ಅದನ್ನೇ ಅನುಸರಿಸುತ್ತದೆ. ಮೂಲ ನೆಗೆಟಿವ್‌ನಿಂದ, ಚಿತ್ರ ತೆಗೆದ ಸುಮಾರು ಎರಡು ವರ್ಷದೊಳಗೆ ಮಾಡಿದ ಪ್ರತಿ ಟೈಪ್ 1. ಮೂಲ ನೆಗೆಟಿವ್‌ನಿಂದಲೇ ಆದರೂ ಆ ಅವಧಿಯ ನಂತರ ಮಾಡಿದ್ದು ಟೈಪ್ 2. ನಕಲು ನೆಗೆಟಿವ್‌ನಿಂದಲೋ ದೂರವಾಣಿ ತಂತಿಯ ಮೂಲಕ ಬಂದ ಚಿತ್ರದಿಂದಲೋ ಅದೇ ಎರಡು ವರ್ಷದೊಳಗೆ ತಯಾರಾದದ್ದು ಟೈಪ್ 3, ಅದೇ ಬಗೆಯದು ತಡವಾಗಿ ತಯಾರಾಗಿದ್ದರೆ ಟೈಪ್ 4. ಬೆಲೆಯಲ್ಲಿ ಟೈಪ್ 1 ಎಲ್ಲಕ್ಕಿಂತ ಬಹಳ ಮೇಲಿರುತ್ತದೆ.

ಈ ವರ್ಗೀಕರಣ ಉಪಯುಕ್ತ, ಆದರೆ ಎರಡು ವರ್ಷ ಎಂಬ ಗೆರೆ ಮಾರುಕಟ್ಟೆಯ ಅನುಕೂಲಕ್ಕೆ ಎಳೆದದ್ದು ಎಂಬುದನ್ನು ಮರೆಯಬಾರದು. ಸಂಖ್ಯೆಯೊಂದೇ ಐತಿಹಾಸಿಕ ಮಹತ್ವವನ್ನು ಅಳೆಯಲಾರದು ಎಂದು ನಾನು ದೃಢವಾಗಿ ನಂಬುತ್ತೇನೆ. ಅಸೋಸಿಯೇಟೆಡ್ ಪ್ರೆಸ್ ಎಂಬ ಸುದ್ದಿ ಸಂಸ್ಥೆ, ಹೀಗೆ ತಂತಿಯಲ್ಲಿ ಚಿತ್ರ ಕಳಿಸುವ ತನ್ನ ತಂತಿಫೋಟೋ ಸೇವೆಯನ್ನು 1935ರ ಜನವರಿ 1ರಂದು ಆರಂಭಿಸಿತು. ಆಮೇಲೆ ನ್ಯೂಯಾರ್ಕ್‌ನಲ್ಲಿ ಮಧ್ಯಾಹ್ನ ನಡೆದ ಪಂದ್ಯದ ಚಿತ್ರ ಅದೇ ಸಂಜೆ ಕ್ಯಾಲಿಫೋರ್ನಿಯಾದ ಪತ್ರಿಕಾಲಯದಲ್ಲಿ ಮೂಡತೊಡಗಿತು. ಅಲ್ಲಿ ಹೊರಬಂದ ಪ್ರತಿಯಲ್ಲಿ ಸಣ್ಣ ಗೆರೆಗಳಿರುತ್ತವೆ, ವಿವರಗಳು ಮಸುಕಾಗಿರುತ್ತವೆ, ಅದಕ್ಕೆ ಸಿಗುವ ಹಣೆಪಟ್ಟಿ ಟೈಪ್ 3. ಆದರೆ ದೂರದ ಊರಿನ ಓದುಗ ಮರುದಿನ ಬೆಳಿಗ್ಗೆ ರಾಬಿನ್‌ಸನ್ ಅವರನ್ನು ಕಂಡದ್ದು ಆ ಮಸುಕು ಪ್ರತಿಯ ಮೂಲಕವೇ. ಸಂಪಾದಕನ ಬಣ್ಣದ ಪೆನ್ಸಿಲ್ ಗುರುತು, ಕತ್ತರಿಸಬೇಕಾದ ಅಂಚಿನ ಗೆರೆ, ಹಿನ್ನೆಲೆಯನ್ನು ಮರೆಮಾಡಲು ಬಳಿದ ಬಿಳಿ ಬಣ್ಣ ಇವೆಲ್ಲ ಉಳಿದಿರುವ ತಂತಿಫೋಟೋವನ್ನು ಇಂದಿನ ಮಾರುಕಟ್ಟೆ ತೀರ ಕಡಿಮೆ ಬೆಲೆಗೆ ನೋಡುತ್ತದೆ. ಸೀಮಿತ ಹಣವುಳ್ಳ, ಇತಿಹಾಸದಲ್ಲಿ ನಿಜವಾದ ಆಸಕ್ತಿಯುಳ್ಳ ಸಂಗ್ರಾಹಕರಿಗೆ ಇದು ಒಳ್ಳೆಯ ಅವಕಾಶ.

ಇದರ ಇನ್ನೊಂದು ಮುಖವನ್ನು ನ್ಯೂಯಾರ್ಕ್ ಯಾಂಕೀಸ್ ತಂಡದ ಹೆಸರಾಂತ ಆಟಗಾರ ಬೇಬ್ ರೂತ್ ಅವರ ಬಹುಪ್ರಸಿದ್ಧ ಚಿತ್ರದಲ್ಲಿ ಕಾಣಬಹುದು. 1948ರ ಜೂನ್ 13ರಂದು ಯಾಂಕಿ ಕ್ರೀಡಾಂಗಣದ ಇಪ್ಪತ್ತೈದನೆಯ ವರ್ಷದ ಸಮಾರಂಭದಲ್ಲಿ, ಕಾಯಿಲೆಯಿಂದ ಸೊರಗಿದ್ದ ರೂತ್ ಬ್ಯಾಟೊಂದನ್ನು ಊರಿಕೊಂಡು ನಿಂತಿದ್ದರು. ಉಳಿದ ಛಾಯಾಗ್ರಾಹಕರು ಎದುರಿನಿಂದ ಚಿತ್ರ ತೆಗೆಯುತ್ತಿದ್ದಾಗ ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್ ಪತ್ರಿಕೆಯ ನ್ಯಾಟ್ ಫೈನ್ ಹಿಂದಕ್ಕೆ ಹೋಗಿ, ಅವರ ಬೆನ್ನಿನ ಮೇಲಿನ 3ನೆಯ ಸಂಖ್ಯೆ ಕಾಣುವಂತೆ ಕ್ಲಿಕ್ಕಿಸಿದರು. ಆ ಸಂಖ್ಯೆಯನ್ನು ತಂಡ ಅಂದೇ ನಿವೃತ್ತಿಗೊಳಿಸುತ್ತಿತ್ತು. ಎರಡು ತಿಂಗಳಲ್ಲಿ ರೂತ್ ತೀರಿಕೊಂಡರು, 1949ರಲ್ಲಿ ಆ ಚಿತ್ರಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಫೈನ್ ಅವರ ಸಹಿಯಿರುವ ಪ್ರತಿಗಳು ಮಾರುಕಟ್ಟೆಯಲ್ಲಿ ಆಗಾಗ ಕಾಣುತ್ತವೆ. ಅವುಗಳಲ್ಲಿ ಬಹುಪಾಲು ಬಹಳ ವರ್ಷಗಳ ನಂತರ ತೆಗೆದವು. ಸಹಿ ನಿಜವಾಗಿದ್ದರೂ ಕಾಗದ 1948ರದ್ದಲ್ಲ. ಅಂಥ ಪ್ರತಿಯನ್ನು ಕೊಳ್ಳಬಾರದು ಎಂದು ನಾನು ಹೇಳುವುದಿಲ್ಲ, ಆದರೆ ಏನನ್ನು ಕೊಳ್ಳುತ್ತಿದ್ದೇವೆ ಎಂಬುದು ತಿಳಿದಿರಬೇಕು, ಮತ್ತು ಬೆಲೆ ಅದಕ್ಕೆ ತಕ್ಕಂತಿರಬೇಕು.

ಹಿಂಬದಿಯನ್ನು ಓದುವ ವಿದ್ಯೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಹೊಸಬರು ಮೋಸಹೋಗುವುದು ಬಹುತೇಕ ಇದನ್ನು ಕಲಿಯದಿರುವುದರಿಂದ. ಸುದ್ದಿ ಸಂಸ್ಥೆಗಳ ಹೆಸರುಗಳಿಗೆ ಆಯುಷ್ಯವಿದೆ. ವೈಡ್ ವರ್ಲ್ಡ್ ಫೋಟೋಸ್ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಅಂಗವಾಗಿ ಆರಂಭವಾಗಿ 1941ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಕೈಗೆ ಬಂತು. ಯುನೈಟೆಡ್ ಪ್ರೆಸ್ ಮತ್ತು ಇಂಟರ್‌ನ್ಯಾಷನಲ್ ನ್ಯೂಸ್ ಸರ್ವಿಸ್ 1958ರಲ್ಲಿ ಒಂದಾಗಿ ಯುನೈಟೆಡ್ ಪ್ರೆಸ್ ಇಂಟರ್‌ನ್ಯಾಷನಲ್, ಅಂದರೆ ಯುಪಿಐ ಆಯಿತು. ಆದ್ದರಿಂದ ಆಟಗಾರ ಲೂ ಗೆಹ್ರಿಗ್ ಅವರ 1939ರ ಬೀಳ್ಕೊಡುಗೆಯ ಫೋಟೋ ಎಂದು ಯಾರಾದರೂ ತೋರಿಸಿ, ಅದರ ಹಿಂದೆ ಯುಪಿಐ ಮೊಹರು ಮಾತ್ರ ಇದ್ದರೆ, ಆ ಪ್ರತಿ 1958ರ ನಂತರದ್ದು ಎಂದು ಅನುಮಾನಿಸಲು ಬಲವಾದ ಕಾರಣವಿದೆ. ಮೊಹರಿನಲ್ಲಿ ವಿಳಾಸವಿದ್ದರೆ ಅದು ಇನ್ನೂ ಒಳ್ಳೆಯ ಸುಳಿವು. ಅಮೆರಿಕದ ಅಂಚೆ ಇಲಾಖೆ 1943ರಲ್ಲಿ ದೊಡ್ಡ ನಗರಗಳಿಗೆ ಒಂದೆರಡು ಅಂಕಿಯ ವಲಯ ಸಂಖ್ಯೆಗಳನ್ನು ಕೊಟ್ಟಿತು. ‘ನ್ಯೂಯಾರ್ಕ್ 17’ ಎಂಬಂತೆ ವಿಳಾಸ ಬರೆಯುವುದು ಅಲ್ಲಿಂದ ಶುರುವಾಯಿತು. 1963ರ ಜುಲೈನಲ್ಲಿ ಐದು ಅಂಕಿಯ ಜಿಪ್ ಕೋಡ್ ಬಂತು. ಹೀಗಾಗಿ ಐದು ಅಂಕಿಯ ಕೋಡ್ ಇರುವ ಮೊಹರು 1963ಕ್ಕಿಂತ ಹಿಂದಿನದಾಗಲು ಸಾಧ್ಯವೇ ಇಲ್ಲ. ಊರಿನ ಹೆಸರಿನ ಮುಂದೆ ಒಂದೆರಡು ಅಂಕಿ ಇದ್ದರೆ ಮೊಹರನ್ನು ಕೆತ್ತಿಸಿದ್ದು ಬಹುಮಟ್ಟಿಗೆ ಆ ಇಪ್ಪತ್ತು ವರ್ಷಗಳ ಒಳಗೆ. ನಿಮ್ಮ ಫೋಟೋದ ಆಕ್ಮೆ ಮೊಹರಿನಲ್ಲಿ ವಿಳಾಸವಿದೆಯೇ ನೋಡಿ, ಇದ್ದರೆ ಅದರ ಜೊತೆ ಅಂಕಿಗಳಿವೆಯೇ ಎಂಬುದನ್ನು ಗುರುತುಹಾಕಿಕೊಳ್ಳಿ.

ಚೀಟಿಯ ವಿಷಯ. ಸಂಸ್ಥೆಯ ಕಚೇರಿಯಲ್ಲಿ ಮೂಲ ನೆಗೆಟಿವ್‌ನಿಂದ ಪ್ರತಿಗಳನ್ನು ತೆಗೆದಾಗ, ವಿವರಣೆಯನ್ನು ತೆಳುಕಾಗದದಲ್ಲಿ ಟೈಪು ಮಾಡಿ ಹಿಂಬದಿಗೆ ಅಂಟಿಸಿ ಪತ್ರಿಕೆಗಳಿಗೆ ಕಳಿಸುತ್ತಿದ್ದರು. ತಂತಿಯ ಮೂಲಕ ಬಂದ ಪ್ರತಿಯಲ್ಲಾದರೋ ಸಾಮಾನ್ಯವಾಗಿ ವಿವರಣೆ ಚಿತ್ರದ ಭಾಗವಾಗಿಯೇ, ಮುಂಬದಿಯ ಅಂಚಿನಲ್ಲಿ ಮೂಡಿರುತ್ತದೆ. ನಿಮ್ಮಲ್ಲಿ ಬೇರೆಯಾಗಿ ಅಂಟಿಸಿದ ಚೀಟಿ ಇರುವುದರಿಂದ ಅದು ಟೈಪ್ 1 ಆಗಿರುವ ಸಾಧ್ಯತೆ ಗಟ್ಟಿಯಾಗುತ್ತದೆ. ಆ ಚೀಟಿ ಅರ್ಧ ಹರಿದಿದ್ದರೂ ದಯವಿಟ್ಟು ಅದನ್ನು ಕೀಳಬೇಡಿ, ಸೆಲ್ಲೋ ಟೇಪು ಹಾಕಿ ಸರಿಪಡಿಸಲೂ ಬೇಡಿ. ಎಷ್ಟೋ ಒಳ್ಳೆಯ ಫೋಟೋಗಳು ‘ಸ್ವಚ್ಛ’ಗೊಳಿಸಿದವರ ಕೈಯಲ್ಲಿ ತಮ್ಮ ಹುಟ್ಟಿನ ದಾಖಲೆಯನ್ನೇ ಕಳೆದುಕೊಂಡಿವೆ. ಅದನ್ನು ನೋಡಿದಾಗಲೆಲ್ಲ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಆಮೇಲೆ ಕಾಗದದ ಪರೀಕ್ಷೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯೊಂದನ್ನು ಕೊಂಡುಕೊಳ್ಳಿ, ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುವಂಥದ್ದೇ ಸಾಕು. ಅದರಡಿಯಲ್ಲಿ ಸಮನಾದ ಚುಕ್ಕಿಗಳ ಸಾಲು ಕಂಡರೆ ಅದು ಪತ್ರಿಕೆಯಿಂದಲೋ ಪುಸ್ತಕದಿಂದಲೋ ಬಂದ ಮುದ್ರಣ, ಫೋಟೋ ಅಲ್ಲವೇ ಅಲ್ಲ. ಚುಕ್ಕಿಗಳಿಲ್ಲದೆ ಬೂದುಬಣ್ಣ ಒಂದರಿಂದ ಇನ್ನೊಂದಕ್ಕೆ ನಯವಾಗಿ ಜಾರಿದರೆ, ಉಡುಪಿನ ನೂಲಿನ ಎಳೆ, ಬ್ಯಾಟಿನ ಮರದ ಗೆರೆ, ಹಿಂದೆ ಕುಳಿತ ಪ್ರೇಕ್ಷಕರ ಮುಖಗಳು ಬಿಡಿಬಿಡಿಯಾಗಿ ಕಂಡರೆ, ಮೂಲ ನೆಗೆಟಿವ್‌ನ ಪ್ರತಿ ಎನ್ನಲು ಆಧಾರ ಸಿಕ್ಕಂತಾಯಿತು. ನಕಲು ನೆಗೆಟಿವ್‌ನಿಂದ ಬಂದ ಪ್ರತಿಯಲ್ಲಿ ಕಪ್ಪು ಭಾಗಗಳು ಮುದ್ದೆಯಾಗಿ, ಬಿಳಿ ಭಾಗಗಳು ಸುಣ್ಣ ಬಳಿದಂತೆ ಕಾಣುತ್ತವೆ. ನಂತರ ಕತ್ತಲೆಯ ಕೋಣೆಯಲ್ಲಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಹಿಡಿದು ನೋಡಿ. 1950ರ ದಶಕದ ಮಧ್ಯದಿಂದೀಚೆಗೆ ಫೋಟೋ ಕಾಗದ ತಯಾರಕರು ಕಾಗದ ಹೆಚ್ಚು ಬೆಳ್ಳಗೆ ಕಾಣಲೆಂದು ಹೊಳಪಿನ ರಾಸಾಯನಿಕಗಳನ್ನು ಸೇರಿಸತೊಡಗಿದರು. ಅಂಥ ಕಾಗದ ಆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ನಿಮ್ಮ ರಾಬಿನ್‌ಸನ್ ಫೋಟೋ ಹೊಳೆಯದೆ ಮಂಕಾಗಿ ಉಳಿಯಬೇಕು. ಹೊಳೆದರೆ ನಾನು ಮೇಲೆ ಹೇಳಿದ್ದನ್ನೆಲ್ಲ ಮತ್ತೆ ಪರಿಶೀಲಿಸಬೇಕಾಗುತ್ತದೆ. ಹೊಳೆಯದಿದ್ದ ಮಾತ್ರಕ್ಕೆ ಹಳೆಯದೆಂದು ತೀರ್ಮಾನವಾಗುವುದಿಲ್ಲ, ಏಕೆಂದರೆ ನಂತರವೂ ಆ ರಾಸಾಯನಿಕವಿಲ್ಲದ ಕಾಗದಗಳು ಇದ್ದವು, ಬಳಸದೆ ಉಳಿದ ಹಳೆಯ ಕಾಗದವನ್ನು ಹುಡುಕಿ ನಕಲು ಮಾಡುವವರೂ ಇದ್ದಾರೆ. ಹಿಂಬದಿ ಪ್ಲಾಸ್ಟಿಕ್‌ನಂತೆ ನುಣುಪಾಗಿದ್ದರೆ ಅದು 1970ರ ಸುಮಾರಿನಿಂದ ವ್ಯಾಪಕವಾದ ರಾಳ ಲೇಪಿತ ಕಾಗದ. ಕಪ್ಪು ಭಾಗಗಳ ಅಂಚಿನಲ್ಲಿ, ಓರೆಯಾಗಿ ಹಿಡಿದಾಗ ಮಾತ್ರ ಕಾಣುವ ನೀಲಿ ಛಾಯೆಯ ಬೆಳ್ಳಿಯ ಮಿನುಗು ಇದ್ದರೆ ಅದು ಕಾಲಕ್ರಮದಲ್ಲಿ ಬೆಳ್ಳಿಯೇ ಮೇಲೆ ಬಂದಿರುವ ಗುರುತು. ಇದನ್ನು ಸುಲಭವಾಗಿ ನಕಲು ಮಾಡಲಾಗದು. ಯಾವುದೇ ಒಂದು ಪರೀಕ್ಷೆಯನ್ನೇ ನಂಬದೆ, ಎಲ್ಲವೂ ಒಂದೇ ಕಾಲವನ್ನು ಸೂಚಿಸುತ್ತವೆಯೇ ಎಂದು ನೋಡುವುದೇ ಸರಿಯಾದ ದಾರಿ.

ಇನ್ನೂ ಹಿಂದಿನ ಕಾಲದ ಫೋಟೋಗಳು ಬೇರೆಯೇ ಲೋಕ. 1846ರ ಜೂನ್‌ನಲ್ಲಿ ನ್ಯೂಯಾರ್ಕ್ ನಿಕರ್‌ಬಾಕರ್ಸ್ ತಂಡ ಆಡಿದ, ದಾಖಲಾದ ಆರಂಭಿಕ ಪಂದ್ಯಗಳಲ್ಲಿ ಒಂದು ನಿಮ್ಮ ನೆರೆಯ ಹೊಬೊಕೆನ್‌ನ ಎಲಿಸಿಯನ್ ಫೀಲ್ಡ್ಸ್ ಮೈದಾನದಲ್ಲಿ ನಡೆಯಿತು. ಆದರೆ ಆಗಿನ ಕ್ಯಾಮೆರಾ ಓಡುವ ಮನುಷ್ಯನನ್ನು ಹಿಡಿಯಲು ಶಕ್ತವಾಗಿರಲಿಲ್ಲ. 1865ರ ಬ್ರೂಕ್ಲಿನ್ ಅಟ್ಲಾಂಟಿಕ್ಸ್ ತಂಡದ ಸಣ್ಣ ರಟ್ಟಿನ ಫೋಟೋ ಒಂದು ಮೇನ್ ರಾಜ್ಯದ ಮನೆಸಾಮಾನು ಮಾರಾಟದಲ್ಲಿ ಸಿಕ್ಕಿ, 2013ರಲ್ಲಿ 92,000 ಡಾಲರ್‌ಗೆ ಹರಾಜಾಯಿತು. ಅದೇ ಚಿತ್ರದ ಇನ್ನೊಂದು ಪ್ರತಿ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ. 1880ರ ದಶಕದ ಕೊನೆಯಲ್ಲಿ ಗುಡ್‌ವಿನ್ ಕಂಪನಿ ತನ್ನ ಓಲ್ಡ್ ಜಡ್ಜ್ ಸಿಗರೇಟಿನೊಂದಿಗೆ ಕೊಡುತ್ತಿದ್ದ ಚಿಕ್ಕ ಫೋಟೋಗಳಲ್ಲಿ ಆಟಗಾರ ಕ್ಯಾಚ್ ಹಿಡಿಯುವಂತೆ ಕೈಯೆತ್ತಿ ನಿಂತಿರುತ್ತಾನೆ. ಗಮನಿಸಿ ನೋಡಿದರೆ ಚೆಂಡು ಮೇಲಿನಿಂದ ದಾರದಲ್ಲಿ ತೂಗುತ್ತಿರುವುದು ಹಲವು ಚಿತ್ರಗಳಲ್ಲಿ ಕಾಣುತ್ತದೆ. ಸ್ಟುಡಿಯೋದೊಳಗೆ, ಹಿಂದೆ ಬಣ್ಣದ ಪರದೆ ಕಟ್ಟಿ, ಅಲುಗಾಡದೆ ನಿಲ್ಲಿಸಿ ತೆಗೆದ ಆ ಚಿತ್ರಗಳು ಆಟದ ದಾಖಲೆಯಾಗಿರುವಷ್ಟೇ ಕ್ಯಾಮೆರಾದ ಮಿತಿಗಳ ದಾಖಲೆಯೂ ಆಗಿವೆ.

ಮೈದಾನಕ್ಕೇ ಕ್ಯಾಮೆರಾ ಹೊತ್ತು, ಓಟದ ನಡುವೆಯೇ ಆಟಗಾರರನ್ನು ಹಿಡಿದವರಲ್ಲಿ ಚಾರ್ಲ್ಸ್ ಕಾನ್ಲನ್ ಮುಖ್ಯರು. ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಅವರು ಕರಡು ತಿದ್ದುವ ಕೆಲಸದಲ್ಲಿದ್ದರು. ಛಾಯಾಗ್ರಹಣ ಅವರ ಬಿಡುವಿನ ಹವ್ಯಾಸವಾಗಿತ್ತು. 1904ರಲ್ಲಿ ಬೇಸ್‌ಬಾಲ್ ಚಿತ್ರ ತೆಗೆಯಲು ಆರಂಭಿಸಿ ಸುಮಾರು ನಾಲ್ಕು ದಶಕ ಮುಂದುವರಿಸಿದರು. 1910ರ ಸುಮಾರಿಗೆ ನ್ಯೂಯಾರ್ಕಿನ ಹಿಲ್‌ಟಾಪ್ ಪಾರ್ಕ್‌ನಲ್ಲಿ ಟೈ ಕಾಬ್ ಮೂರನೆಯ ಬೇಸ್‌ಗೆ ಜಾರುತ್ತಾ ಧೂಳೆಬ್ಬಿಸಿ, ಜಿಮ್ಮಿ ಆಸ್ಟಿನ್ ಅವರನ್ನು ಉರುಳಿಸಿದ ಕ್ಷಣ ಅವರ ಗಾಜಿನ ನೆಗೆಟಿವ್‌ನಲ್ಲಿ ಉಳಿಯಿತು. ಆ ಗಡಿಬಿಡಿಯಲ್ಲಿ ಚಿತ್ರ ತೆಗೆದೆನೋ ಇಲ್ಲವೋ ಎಂಬುದೇ ಅವರಿಗೆ ಗೊತ್ತಿರಲಿಲ್ಲ, ಗಾಜನ್ನು ಸಂಸ್ಕರಿಸಿದಾಗಲೇ ತಿಳಿಯಿತು ಎಂದು ಅವರೇ ನಂತರ ನೆನೆದಿದ್ದಾರೆ. ಬೋಸ್ಟನ್‌ನ ಕಾರ್ಲ್ ಹಾರ್ನರ್ ತಮ್ಮ ಸ್ಟುಡಿಯೋದಲ್ಲಿ ತೆಗೆದ ಆಟಗಾರ ಹೋನಸ್ ವ್ಯಾಗ್ನರ್ ಅವರ ಭಾವಚಿತ್ರವೇ ಟಿ206 ಎಂಬ ಸರಣಿಯ ಪ್ರಸಿದ್ಧ ಸಿಗರೇಟ್ ಕಾರ್ಡಿನ ಮೂಲ. ಆ ಕಾರ್ಡಿನ ಒಂದು ಪ್ರತಿ 2022ರಲ್ಲಿ 72.5 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಕಾರ್ಡು ಸಾವಿರಗಟ್ಟಲೆ ಅಚ್ಚಾಗುವ ವಸ್ತು, ಅದಕ್ಕೆ ಜನ್ಮಕೊಟ್ಟ ಫೋಟೋದ ಆ ಕಾಲದ ಪ್ರತಿಗಳಾದರೋ ಬೆರಳೆಣಿಕೆಯಷ್ಟು. ಹಾಗಿದ್ದೂ ದಶಕಗಳ ಕಾಲ ಸಂಗ್ರಾಹಕರು ಫೋಟೋಗಳನ್ನು ಕಡೆಗಣಿಸಿದ್ದರು. ಈ ಧೋರಣೆ ಈಗ ಬದಲಾಗಿದೆ. 1911ರಲ್ಲಿ ತೆಗೆದ, ಆಟಗಾರ ಜೋ ಜಾಕ್ಸನ್ ಸ್ವತಃ ಸಹಿ ಮಾಡಿದ ಫೋಟೋ 2021ರಲ್ಲಿ 14.7 ಲಕ್ಷ ಡಾಲರ್ ತಂದಿತು. ಆ ಮಟ್ಟದ ವಸ್ತುಗಳು ನಿಮ್ಮ ನನ್ನಂಥವರ ಕೈಗೆ ಎಟುಕುವುದಿಲ್ಲ. ಅವುಗಳ ಹಿಂದೆ ಓಡದೆ, ಒಂದು ವಿಷಯವನ್ನು ಆರಿಸಿಕೊಂಡು ಅದರಲ್ಲಿ ಆಳಕ್ಕೆ ಹೋಗಿ ಎಂಬುದೇ ನನ್ನ ಸಲಹೆ.

ನಿಮಗೆ ನಾನು ಸೂಚಿಸುವ ವಿಷಯ ನ್ಯೂಜೆರ್ಸಿಯೇ. ರಾಬಿನ್‌ಸನ್ ಅವರ ಆ ಪಂದ್ಯದಿಂದ ಕೆಲವೇ ಮೈಲು ದೂರದಲ್ಲಿ ನ್ಯೂವಾರ್ಕ್ ಈಗಲ್ಸ್ ಎಂಬ ಕಪ್ಪು ಆಟಗಾರರ ತಂಡವಿತ್ತು. ಅದೇ 1946ರಲ್ಲಿ ಅದು ಕಾನ್ಸಾಸ್ ಸಿಟಿ ಮೊನಾರ್ಕ್ಸ್ ತಂಡವನ್ನು ಸೋಲಿಸಿ ನೀಗ್ರೋ ಲೀಗುಗಳ ವಿಶ್ವ ಸರಣಿಯನ್ನು ಗೆದ್ದಿತು. ತಂಡದ ವ್ಯವಹಾರವನ್ನೆಲ್ಲ ನೋಡಿಕೊಂಡ ಎಫಾ ಮ್ಯಾನ್ಲಿ 2006ರಲ್ಲಿ ಬೇಸ್‌ಬಾಲಿನ ಗೌರವ ಮಂದಿರವಾದ ಹಾಲ್ ಆಫ್ ಫೇಮ್‌ಗೆ ಆಯ್ಕೆಯಾದರು, ಅಲ್ಲಿರುವ ಏಕೈಕ ಮಹಿಳೆ ಅವರೇ. ಆ ತಂಡದ ಲ್ಯಾರಿ ಡೋಬಿ ಪ್ಯಾಟರ್ಸನ್‌ನಲ್ಲಿ ಬೆಳೆದವರು. 1947ರ ಜುಲೈ 5ರಂದು ಕ್ಲೀವ್‌ಲ್ಯಾಂಡ್ ಪರ ಆಡಿ ಅಮೆರಿಕನ್ ಲೀಗಿನ ಮೊದಲ ಕಪ್ಪು ಆಟಗಾರರಾದರು. ಪ್ಯಾಟರ್ಸನ್‌ನ ಹಿಂಚ್‌ಲಿಫ್ ಕ್ರೀಡಾಂಗಣ ಇಂದಿಗೂ ಉಳಿದಿದೆ, 2023ರಲ್ಲಿ ಜೀರ್ಣೋದ್ಧಾರಗೊಂಡು ಮತ್ತೆ ತೆರೆದಿದೆ. ಮಗನನ್ನು ಕರೆದುಕೊಂಡು ಹೋಗಿ ನೋಡಿಬರಬಹುದು. ನೀಗ್ರೋ ಲೀಗುಗಳ ಫೋಟೋಗಳು ವಿರಳ, ಏಕೆಂದರೆ ದೊಡ್ಡ ಸುದ್ದಿ ಸಂಸ್ಥೆಗಳು ಆ ಪಂದ್ಯಗಳಿಗೆ ಛಾಯಾಗ್ರಾಹಕರನ್ನು ಕಳಿಸಿದ್ದೇ ಕಡಿಮೆ. ಆ ಬದುಕನ್ನು ದಾಖಲಿಸಿದ್ದು ಬಹುಮಟ್ಟಿಗೆ ಕಪ್ಪು ಜನರ ಪತ್ರಿಕೆಗಳು ಮತ್ತು ಸ್ಥಳೀಯ ಸ್ಟುಡಿಯೋಗಳು. ಪಿಟ್ಸ್‌ಬರ್ಗ್ ಕುರಿಯರ್ ಪತ್ರಿಕೆಯ ಚಾರ್ಲ್ಸ್ ‘ಟೀನಿ’ ಹ್ಯಾರಿಸ್ ಅವರ ಸುಮಾರು 80,000 ನೆಗೆಟಿವ್‌ಗಳು ಈಗ ಆ ನಗರದ ಕಾರ್ನೆಗಿ ಕಲಾ ಸಂಗ್ರಹಾಲಯದಲ್ಲಿವೆ. ಇಂಥ ಒಂದು ಹೆಸರಿಲ್ಲದ ಸ್ಟುಡಿಯೋ ಫೋಟೋದಲ್ಲಿ ಆಟಗಾರರನ್ನು ಗುರುತಿಸಿ, ಮೈದಾನವನ್ನು ಪತ್ತೆಹಚ್ಚಿ, ವರ್ಷವನ್ನು ನಿರ್ಧರಿಸಿದವರು ಇತಿಹಾಸಕ್ಕೆ ಹೊಸದೊಂದನ್ನು ಸೇರಿಸುತ್ತಾರೆ. ನೂರನೆಯ ಬೇಬ್ ರೂತ್ ಫೋಟೋ ಕೊಂಡವರಿಗೆ ಆ ತೃಪ್ತಿ ಸಿಗುವುದು ಕಷ್ಟ.

ಕಣ್ಣನ್ನು ಪಳಗಿಸಿಕೊಳ್ಳಲು ಹಣ ಬೇಕಿಲ್ಲ. ಜಾರ್ಜ್ ಗ್ರಾಂಥಮ್ ಬೇನ್ ಅವರ ಸುದ್ದಿ ಸಂಸ್ಥೆಯ ಸುಮಾರು 40,000 ಗಾಜಿನ ನೆಗೆಟಿವ್‌ಗಳನ್ನು ಲೈಬ್ರರಿ ಆಫ್ ಕಾಂಗ್ರೆಸ್ ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದೆ, ಅವುಗಳಲ್ಲಿ 1910ರ ದಶಕದ ಬೇಸ್‌ಬಾಲ್ ಹೇರಳವಾಗಿದೆ. 1943ರಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಕೂಡಿಹಾಕಿದ್ದ ಮಾಂಜನಾರ್ ಶಿಬಿರದಲ್ಲಿ ಆನ್ಸೆಲ್ ಆಡಮ್ಸ್ ತೆಗೆದ ಬೇಸ್‌ಬಾಲ್ ಪಂದ್ಯದ ಚಿತ್ರವೂ ಅಲ್ಲಿಯೇ ಇದೆ. ಸ್ಕ್ಯಾನ್‌ಗಳನ್ನು ದೊಡ್ಡದು ಮಾಡಿ ನೋಡುತ್ತಾ ಹೋದರೆ ಮೂಲ ನೆಗೆಟಿವ್‌ನಲ್ಲಿ ಎಷ್ಟು ವಿವರವಿರುತ್ತದೆ ಎಂಬ ಅಂದಾಜು ಬರುತ್ತದೆ.

ಕೊಳ್ಳುವಾಗ ಒಂದು ಎಚ್ಚರ. ಹಳೆಯ ಆಟಗಾರ ಹಾಗೂ ಕ್ರೀಡಾಸಾಮಗ್ರಿ ವ್ಯಾಪಾರಿ ಆಲ್ಬರ್ಟ್ ಸ್ಪಾಲ್ಡಿಂಗ್ ಅವರ ಬೇಸ್‌ಬಾಲ್ ಸಂಗ್ರಹ 1921ರಲ್ಲಿ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯಕ್ಕೆ ಕೊಡುಗೆಯಾಗಿ ಬಂತು. ಅದರಿಂದ ಕದ್ದುಹೋದ ಹತ್ತೊಂಬತ್ತನೆಯ ಶತಮಾನದ ಫೋಟೋಗಳು ಮತ್ತು ಪತ್ರಗಳು ವರ್ಷಗಳ ನಂತರ ಮಾರುಕಟ್ಟೆಯಲ್ಲಿ ಕಾಣಿಸಿಕೊಂಡಿವೆ. ಹಿಂಬದಿಯಲ್ಲಿ ಮೊಹರೊಂದನ್ನು ಕೆರೆದು ತೆಗೆದ ಗುರುತು, ಒಂದು ಮೂಲೆಯನ್ನು ಮಾತ್ರ ಕತ್ತರಿಸಿರುವುದು, ಅಳಿಸಿದ ಪೆನ್ಸಿಲ್ ಸಂಖ್ಯೆ ಕಂಡರೆ ಬೆಲೆ ಎಷ್ಟೇ ಅಗ್ಗವಾಗಿದ್ದರೂ ಕೈಬಿಡಿ. ಪತ್ರಿಕೆಗಳು ತಮ್ಮ ಕಡತಗಳನ್ನು ತಾವಾಗಿಯೇ ಮಾರಿರುವುದರಿಂದ ಪತ್ರಿಕಾಲಯದ ಮೊಹರು ಇರುವುದರಲ್ಲಿ ತಪ್ಪೇನಿಲ್ಲ. ಗ್ರಂಥಾಲಯದ ಗುರುತು ಮಾತ್ರ ಉತ್ತರ ಬೇಡುವ ಪ್ರಶ್ನೆ. ಯಾರಿಂದ, ಎಂದು, ಎಷ್ಟಕ್ಕೆ ಕೊಂಡಿರಿ ಎಂಬ ರಸೀದಿಯನ್ನು ಫೋಟೋದಷ್ಟೇ ಜೋಪಾನವಾಗಿಡಿ. ಫೋಟೋ ನಿಮ್ಮದಾದರೂ ಅದನ್ನು ಪುಸ್ತಕದಲ್ಲೋ ಬೇರೆಲ್ಲೋ ಪ್ರಕಟಿಸುವ ಹಕ್ಕು ತಾನಾಗಿ ನಿಮ್ಮದಾಗುವುದಿಲ್ಲ ಎಂಬುದೂ ನೆನಪಿರಲಿ.

ಮಂಗಳೂರಿನ ಹವೆಯ ಬಗ್ಗೆ ನಿಮ್ಮ ಆತಂಕ ಸಕಾರಣವಾದದ್ದು. ಬೆಳ್ಳಿ ಲೇಪದ ಫೋಟೋಗಳಿಗೆ ಶೇಕಡ 30ರಿಂದ 50ರಷ್ಟು ತೇವಾಂಶ ಹಿತ. ಕರಾವಳಿಯ ಆಷಾಢದಲ್ಲಿ ಅದು ದಿನಗಟ್ಟಲೆ 80ರ ಮೇಲಿರುತ್ತದೆ. ಚಿತ್ರವನ್ನು ಹಿಡಿದಿಟ್ಟಿರುವ ಜೆಲಟಿನ್ ಪದರ ತೇವ ಹೀರಿ ಉಬ್ಬುತ್ತದೆ, ಮೆತ್ತಗಾಗುತ್ತದೆ, ಬೂಷ್ಟಿಗೆ ಒಳ್ಳೆಯ ಆಹಾರವಾಗುತ್ತದೆ. ಅಮೆರಿಕದ ಕೈಪಿಡಿಗಳು ಪಾಲಿಯೆಸ್ಟರ್ ಹಾಳೆಯ ಲಕೋಟೆಗಳನ್ನು ಹೊಗಳುತ್ತವೆ. ಒಣಹವೆಗೆ ಅವು ಉತ್ತಮವೇ, ಆದರೆ ಕರಾವಳಿಯ ತೇವದಲ್ಲಿ ನುಣುಪಾದ ಪ್ಲಾಸ್ಟಿಕ್ ಫೋಟೋದ ಮೇಲ್ಮೈಗೆ ಅಂಟಿಕೊಂಡು ಬಿಡಿಸಲಾಗದಂತಾಗಬಹುದು. ಅಲ್ಲಿಗೆ ಆಮ್ಲರಹಿತ ಕಾಗದದ ಲಕೋಟೆಯೇ ವಾಸಿ, ಅದು ಉಸಿರಾಡುತ್ತದೆ. ಒಂದೊಂದು ಫೋಟೋವನ್ನೂ ಪ್ರತ್ಯೇಕ ಲಕೋಟೆಯಲ್ಲಿಟ್ಟು, ರಬ್ಬರಿನ ಅಂಚುಳ್ಳ ಭದ್ರ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಡಬ್ಬಿಯೊಳಗೆ ತೇವಾಂಶ ಅಳೆಯುವ ಚಿಕ್ಕ ಮಾಪಕವೊಂದು ಇರಲಿ. ಅದು 55 ದಾಟಿದರೆ ಜೆಲ್ಲನ್ನು ಬಿಸಿಮಾಡಿ ಒಣಗಿಸಿ ಮತ್ತೆ ಹಾಕಿ. ಹೊರಗೋಡೆಗೆ ತಾಗಿರುವ ಬೀರು, ಅಟ್ಟ, ಅಡುಗೆಮನೆಯ ಪಕ್ಕದ ಕಪಾಟು ಬೇಡ. ಅಂಟುಹಾಳೆಯ ಆಲ್ಬಂ ಬೇಡ, ಲ್ಯಾಮಿನೇಷನ್ ಅಂತೂ ಯಾವ ಕಾರಣಕ್ಕೂ ಬೇಡ. ಗೋಡೆಗೆ ಹಾಕುವ ಆಸೆಯಿದ್ದರೆ ಸ್ಕ್ಯಾನ್ ಮಾಡಿಸಿ ಹೊಸ ಪ್ರತಿಯನ್ನು ಚೌಕಟ್ಟು ಹಾಕಿಸಿ, ಮೂಲವನ್ನು ಕತ್ತಲೆಯಲ್ಲಿಡಿ. ಸ್ಕ್ಯಾನ್ ಮಾಡುವಾಗ ಎರಡೂ ಬದಿಗಳನ್ನು ಮಾಡಿಸಬೇಕು.

ಕೊನೆಯದಾಗಿ, ತುರ್ತಾಗಿ ಮಾಡಬೇಕಾದ ಕೆಲಸವೊಂದಿದೆ. ನಿಮಗೆ ಫೋಟೋ ಮಾರಿದ ಮನೆಯವರನ್ನು ಈ ವಾರವೇ ಮತ್ತೆ ಭೇಟಿಯಾಗಿ. ಪತ್ರಿಕಾಲಯದ ಕಡತದ ಮೊಹರಿರುವ ಪ್ರತಿ ಒಂದು ಮನೆಗೆ ಬಂದಿದೆ ಎಂದರೆ ಆ ಕುಟುಂಬದಲ್ಲಿ ಯಾರೋ ಪತ್ರಿಕೆಯಲ್ಲಿ ಕೆಲಸ ಮಾಡಿರಬಹುದು, ಇಲ್ಲವೇ ಕಡತ ವಿಲೇವಾರಿಯಾದಾಗ ಕೊಂಡಿರಬಹುದು. ಯಾರು, ಯಾವ ಪತ್ರಿಕೆ, ಯಾವಾಗ ಎಂಬುದನ್ನು ಕೇಳಿ ಬರೆದುಕೊಳ್ಳಿ, ಸಾಧ್ಯವಾದರೆ ಅವರಿಂದಲೇ ಒಂದೆರಡು ಸಾಲು ಬರೆಸಿ ದಿನಾಂಕ ಹಾಕಿಸಿಕೊಳ್ಳಿ. ಪತ್ರಿಕೆಯ ಹೆಸರು ತಿಳಿದರೆ 1972ರ ಅಕ್ಟೋಬರ್ 25ರ ಸಂಚಿಕೆಯನ್ನೂ 1946ರ ಏಪ್ರಿಲ್ 19ರ ಸಂಚಿಕೆಯನ್ನೂ ಗ್ರಂಥಾಲಯದ ಮೈಕ್ರೋಫಿಲ್ಮ್‌ನಲ್ಲಿ ತೆಗೆಸಿ, ಇದೇ ಚಿತ್ರ ಅಚ್ಚಾಗಿದೆಯೇ ಎಂದು ನೋಡಬಹುದು. ಜೊತೆಗೆ, ಇಂಥವೇ ಇನ್ನಷ್ಟು ಫೋಟೋಗಳು ಅಟ್ಟದಲ್ಲೋ ನೆಲಮಾಳಿಗೆಯಲ್ಲೋ ಇವೆಯೇ ಎಂದು ವಿಚಾರಿಸಿ. ಮನೆ ಖಾಲಿ ಮಾಡುವವರು ಮಾರಾಟವಾಗದೆ ಉಳಿದದ್ದನ್ನು ಕಸದ ಗಾಡಿಗೆ ಹಾಕಲು ಹೆಚ್ಚು ದಿನ ಕಾಯುವುದಿಲ್ಲ.